ಅಮ್ಮ ನೋಡಲು ಬಂದರೆ ಮಗು ಅಳುತ್ತೆ. ಬರಬೇಡಿ ಅನ್ನೋದು ಸರಿಯಾ?

ಹಗಲುಪಾಳಿ ಅಕ್ಕ:

ಎಲ್ಲರಿಗೂ ನಮಸ್ಕಾರ. ಇಲ್ಲಿ ನರ್ಸ್‌ಗಳು, ಟೀಚರ್‌ಗಳು, ಮಕ್ಕಳ ಕೆಲಸದಲ್ಲಿ ಇರುವವರು ಇದ್ದೀರಿ ಅಂತ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಆಡುಗೋಡಿ ಹತ್ತಿರ ಒಂದು ಸಣ್ಣ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಮನೆಯಲ್ಲಿ ದಿಢೀರ್ ಅಂತ ಕಷ್ಟ ಬಂದಾಗ ಮಕ್ಕಳು ಕೆಲವು ದಿನ ಇದ್ದು ಹೋಗುವ ಜಾಗ. ಅಮ್ಮ ಆಸ್ಪತ್ರೆ ಸೇರಿರುತ್ತಾಳೆ, ಇಲ್ಲ ಮನೆಯಲ್ಲಿ ಹೊಡೆದಾಟ ಆಗಿರುತ್ತೆ, ಇಲ್ಲ ಓನರ್ ಸಾಮಾನು ಹೊರಗೆ ಹಾಕಿರುತ್ತಾರೆ. ಮೂರು ದಿನಕ್ಕೆ ಹೋದ ಮಕ್ಕಳಿದ್ದಾರೆ, ಮೂರು ವಾರ ಇದ್ದವರೂ ಇದ್ದಾರೆ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಬರುತ್ತಾರೆ. ಬಾಡಿಗೆ ಮನೆ, ಕೆಳಗೆ ಎರಡು ರೂಮು, ಮೇಲೆ ಒಂದು ಹಾಲ್. ಹಗಲು ಮೂವರು, ರಾತ್ರಿ ಇಬ್ಬರು. ನಾನು ಹಗಲು ಪಾಳಿ. ಬಿ.ಎ. ಅರ್ಧಕ್ಕೆ ಬಿಟ್ಟವಳು, ಕೌನ್ಸೆಲರ್ ಏನೂ ಅಲ್ಲ. ಊಟ, ಸ್ನಾನ, ಮೂಗು ಒರೆಸೋದು, ಇದೇ ನನ್ನ ಕೆಲಸ.

ಈಗ ವಿಷಯಕ್ಕೆ ಬರುತ್ತೇನೆ. ಒಂದು ಗಂಡು ಮಗು, ಎರಡೂವರೆ ವರ್ಷ. ಅಪ್ಪ ಅಮ್ಮ ಯಾದಗಿರಿ ಕಡೆಯವರು. ಥಣಿಸಂದ್ರದ ಹತ್ತಿರ ಗಾರೆ ಕೆಲಸ, ಸೈಟಿನಲ್ಲೇ ತಗಡಿನ ಶೆಡ್. ಅಪ್ಪ ಸಾರ್ವೆಯಿಂದ ಬಿದ್ದು ತೊಡೆ ಮೂಳೆ ಮುರಿದುಕೊಂಡ. ವಾರ್ಡಿನಲ್ಲಿ ರೋಗಿ ಜೊತೆ ಒಬ್ಬರೇ ಇರಬೇಕು, ಸಣ್ಣ ಮಕ್ಕಳನ್ನು ಒಳಗೆ ಬಿಡಲ್ಲ. ಆ ತಾಯಿ ಎರಡು ರಾತ್ರಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಆಸ್ಪತ್ರೆ ಮೆಟ್ಟಿಲ ಮೇಲೆ ಕಳೆದಳಂತೆ. ಯಾರೋ ನೋಡಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಹಾಗೆ ಬಂತು ನಮ್ಮಲ್ಲಿಗೆ.

ಮೊದಲ ಎರಡು ದಿನ ಗೇಟ್ ಹಿಡಿದು ಅತ್ತಿತು. "ಅವ್ವಾ" ಅನ್ನೋದು ಬಿಟ್ಟರೆ ಬೇರೆ ಮಾತಿಲ್ಲ. ಮೂರನೇ ದಿನ ತಾಯಿ ಬಂದು ಒಂದು ಗಂಟೆ ಇದ್ದಳು. ಹೊರಡುವ ಹೊತ್ತಿಗೆ ನಮ್ಮವರು ಮಗುವಿನ ಕೈಗೆ ಬಿಸ್ಕತ್ತು ಕೊಟ್ಟು ಮೇಲಕ್ಕೆ ಕರೆದುಕೊಂಡು ಹೋದರು. ಅವಳು ಹಿಂದಿನ ಬಾಗಿಲಿಂದ ಹೋದಳು. ಕೆಳಗೆ ಬಂದು ನೋಡಿದರೆ ಅವ್ವ ಇಲ್ಲ. ಎರಡು ಗಂಟೆ ಅತ್ತು ವಾಂತಿ ಮಾಡಿಕೊಂಡಿತು. ಅದನ್ನು ನೋಡಿ ಉಳಿದ ಮಕ್ಕಳೂ ರಾಗ ಶುರು ಮಾಡಿದವು. ನಮ್ಮ ಮೇಡಂ ತಾಯಿಗೆ ಫೋನ್ ಮಾಡಿ "ಸ್ವಲ್ಪ ದಿನ ಬರಬೇಡಮ್ಮಾ, ಮಗು ಹೊಂದಿಕೊಳ್ಳಲಿ" ಅಂದರು. ನನಗೂ ಸರಿ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ.

ಹೊಂದಿಕೊಂಡಿತು ಕೂಡ. ಐದನೇ ದಿನಕ್ಕೆ ಅಳು ನಿಂತಿತು. ಹಾಕಿದ್ದರಲ್ಲಿ ಅರ್ಧ ತಿನ್ನುತ್ತೆ, ಹೇಳಿದ ಕಡೆ ಕೂರುತ್ತೆ, ನನ್ನ ಹಿಂದೆ ಹಿಂದೆ ಓಡಾಡುತ್ತೆ. ನಮ್ಮಲ್ಲಿ ಕೆಲಸದ ಹೆಂಗಸರನ್ನೆಲ್ಲ ಅಮ್ಮ ಅಂತ ಕರೆಸುವ ರೂಢಿ ಇದೆ. ಇದೂ ನನ್ನನ್ನು ಅಮ್ಮ ಅನ್ನೋಕೆ ಶುರು ಮಾಡಿತು. ಖುಷಿ ಆಯ್ತು. ಯಾರಿಗೆ ಆಗಲ್ಲ?

ಈ ಮಧ್ಯೆ ಮಕ್ಕಳ ತಲೆಯಲ್ಲಿ ಹೇನು ಜಾಸ್ತಿ ಆಗಿತ್ತು. ತಿಂಗಳಿಗೊಮ್ಮೆ ಬರುವ ಕಟಿಂಗ್‌ನವನು ಬಂದಿದ್ದ. ಎಲ್ಲ ಗಂಡು ಮಕ್ಕಳ ಜೊತೆ ಇದರ ತಲೆಗೂ ಮಷಿನ್ ಹಾಕಿಸಿದೆವು. ಕಿವಿ ದಾಟಿ ಬರುವ ಕೂದಲು, ಗಂಟು ಗಂಟು. ಅಲ್ಲಾಡದ ಹಾಗೆ ತಲೆ ಹಿಡಿದುಕೊಂಡವಳು ನಾನೇ.

ಒಂಬತ್ತನೇ ದಿನ ತಾಯಿ ಹೇಳದೆ ಕೇಳದೆ ಬಂದಳು. ಬಟ್ಟೆಯಲ್ಲಿ ಸುತ್ತಿದ ಎರಡು ಜೋಳದ ರೊಟ್ಟಿ ಕೈಯಲ್ಲಿ. ಪಕ್ಕದ ಶೆಡ್ಡಿನವರು ಮಾಡಿ ಕೊಟ್ಟಿದ್ದಂತೆ. ಮಗುವಿನ ತಲೆ ನೋಡಿ ಬಾಗಿಲಲ್ಲೇ ನಿಂತಳು. "ಇನ್ನಾ ಜವಳ ಆಗಿದ್ದಿಲ್ರೀ" ಅಂದಳು. ಅಷ್ಟೇ. ಅವರ ಮನೆದೇವರು ಮೈಲಾಪುರದ ಮಲ್ಲಯ್ಯ. ಮೂರನೇ ವರ್ಷಕ್ಕೆ ಸೋದರಮಾವನ ತೊಡೆ ಮೇಲೆ ಕೂರಿಸಿ ತೆಗೆಸ್ತೀವಿ ಅಂತ ಹರಕೆ ಇತ್ತಂತೆ. ನಾವು ಗುಡಿಸಿ ಕಸಕ್ಕೆ ಹಾಕಿ ಆಗಿತ್ತು. ಕಸದ ಗಾಡಿಯೂ ಬಂದು ಹೋಗಿತ್ತು. ಅಷ್ಟು ಉದ್ದ ಕೂದಲಿರುವ ಗಂಡು ಮಗು ಅಂದರೆ ನನಗೇ ಹೊಳೆಯಬೇಕಿತ್ತು ಅಲ್ವಾ? ನಾನು ಮಂಡ್ಯ ಕಡೆಯವಳು, ನಮ್ಮಲ್ಲೂ ಮುಡಿ ಕೊಡ್ತಾರೆ. ಹೊಳೆಯಲಿಲ್ಲ.

ಅವಳು ನೆಲದ ಮೇಲೆ ಕೂತು ಕೈ ಚಾಚಿದಳು. ಮಗು ನೋಡಿತು. ಮುಖದಲ್ಲಿ ಏನೂ ಇಲ್ಲ, ದಾರಿಯಲ್ಲಿ ಹೋಗೋರನ್ನು ನೋಡಿದ ಹಾಗೆ. ಆಮೇಲೆ ತಿರುಗಿ ನನ್ನ ವೇಲ್ ಒಳಗೆ ಮುಖ ಹುದುಗಿಸಿಕೊಂಡಿತು. "ನನ್ ಕೂಸು ನನ್ನ ಮರ್ತದ ರೀ" ಅಂದಳು. ಅಳಲಿಲ್ಲ. ರೊಟ್ಟಿ ಟೇಬಲ್ ಮೇಲಿಟ್ಟು ಹತ್ತೇ ನಿಮಿಷಕ್ಕೆ ಎದ್ದು ಹೋದಳು.

ಇನ್ನು ಐದು ದಿನಕ್ಕೆ ಅಪ್ಪನ ಡಿಸ್ಚಾರ್ಜ್. ಮಗು ವಾಪಸ್ ಹೋಗಬೇಕು. ಅಲ್ಲಿವರೆಗೆ ತಾಯಿಯನ್ನು ಕರೆಸಬೇಕಾ, ಬೇಡವಾ? ಕರೆಸಿದರೆ ಮತ್ತೆ ಅಳು. ಕರೆಸದಿದ್ದರೆ ಹೀಗೆ. ಅವಳಿಗೆ ಏನು ಹೇಳಲಿ?

ಲೆಕ್ಕ ಹಾಕಿ ಮಾತಾಡಿ:

ಸುಮ್ನೆ ದೊಡ್ಡದು ಮಾಡ್ತಿದ್ದೀರಿ. ಎರಡೂವರೆ ವರ್ಷದ ಮಗು, ಮನೆಗೆ ಹೋದ ಎರಡನೇ ದಿನಕ್ಕೆ ನಿಮ್ಮನ್ನೂ ಮರೆಯುತ್ತೆ, ಕೇಂದ್ರವನ್ನೂ ಮರೆಯುತ್ತೆ. ನನ್ನ ತಂಗಿ ಇಂಥದ್ದೇ ಕಡೆ ಕೆಲಸ ಮಾಡ್ತಾಳೆ. 14 ಮಕ್ಕಳಿಗೆ ಇಬ್ಬರು. ಒಂದು ಮಗು ಎರಡು ಗಂಟೆ ಅತ್ತರೆ ಉಳಿದ 13ಕ್ಕೆ ಯಾರು ಅನ್ನ ಹಾಕೋದು? ನಿಮ್ಮ ಮೇಡಂ ಹೇಳಿದ್ದು ಪ್ರಾಕ್ಟಿಕಲ್. ಕೂದಲ ವಿಷಯ ಮಾತ್ರ ತಪ್ಪಾಯ್ತು, ಕೇಳಬೇಕಿತ್ತು.

ನಿವೃತ್ತ ಸಿಸ್ಟರ್, ಬಸವನಗುಡಿ:

ಮೇಲಿನವರ ಲೆಕ್ಕ ನನಗೆ ಅರ್ಥ ಆಗುತ್ತೆ. 31 ವರ್ಷ ಮಕ್ಕಳ ವಾರ್ಡಿನಲ್ಲಿ ನಾನೂ ಅದೇ ಲೆಕ್ಕ ಹಾಕಿದವಳು. "ತಾಯಿ ಬಂದು ಹೋದ ಮೇಲೆ ಅನುಭವಿಸೋರು ನಾವು" ಅಂತ ಎಷ್ಟು ಜನ ತಾಯಂದಿರನ್ನು ವಾಪಸ್ ಕಳಿಸಿದ್ದೇನೋ.

ಇದು ಹಳೇ ಜಗಳ. 1950ರ ಸುಮಾರಿಗೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲೂ ಇದೇ ಮಾತು ಇತ್ತು. ಮಗುವನ್ನು ಸೇರಿಸಿದರೆ ಅಪ್ಪ ಅಮ್ಮನನ್ನು ಒಳಗೆ ಬಿಡುತ್ತಿದ್ದದ್ದು ವಾರಕ್ಕೆ ಕೆಲವೇ ಗಂಟೆ. ಜೇಮ್ಸ್ ರಾಬರ್ಟ್‌ಸನ್ ಅಂತ ಒಬ್ಬರು, ತಾಯಿ ಮಗುವಿನ ನಂಟಿನ ಬಗ್ಗೆ ಅಧ್ಯಯನ ಮಾಡಿದ ಮನೋವೈದ್ಯ ಜಾನ್ ಬೌಲ್ಬಿ ಜೊತೆ ಕೆಲಸ ಮಾಡುತ್ತಿದ್ದವರು, ವಾರ್ಡುಗಳಲ್ಲಿ ಕೂತು ಮಕ್ಕಳನ್ನು ನೋಡಿದರು. ಮೊದಲು ಮಗು ಅಳುತ್ತೆ, ಹಠ ಮಾಡುತ್ತೆ, ಬಾಗಿಲು ನೋಡುತ್ತೆ. ಆಮೇಲೆ ಸೊರಗುತ್ತೆ, ಮೂಲೆ ಹಿಡಿಯುತ್ತೆ. ಆಮೇಲೆ ಎಲ್ಲರ ಹತ್ತಿರವೂ ಹೋಗುತ್ತೆ, ಆಡುತ್ತೆ, ಅಮ್ಮ ಬಂದರೆ ಮಾತ್ರ ಮುಖ ತಿರುಗಿಸುತ್ತೆ. ಈ ಮೂರನೆಯದನ್ನೇ ವಾರ್ಡಿನವರು "ಹೊಂದಿಕೊಂಡಿತು" ಅನ್ನುತ್ತಿದ್ದರು. 1952ರಲ್ಲಿ ಅವರು ಎರಡು ವರ್ಷದ ಒಂದು ಹುಡುಗಿಯ ಎಂಟು ದಿನದ ಆಸ್ಪತ್ರೆವಾಸವನ್ನು ಕ್ಯಾಮೆರಾದಲ್ಲಿ ಹಿಡಿದು ಡಾಕ್ಟರುಗಳಿಗೆ ತೋರಿಸಿದರು. ಡಾಕ್ಟರುಗಳಿಗೆ ಸಿಟ್ಟು ಬಂತು, ನಮ್ಮ ವಾರ್ಡಿಗೆ ಮಸಿ ಬಳಿಯುತ್ತಿದ್ದೀರಿ ಅಂತ. 1959ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ್ದ ಪ್ಲಾಟ್ ಸಮಿತಿ, ಮಕ್ಕಳನ್ನು ನೋಡಲು ಅಪ್ಪ ಅಮ್ಮನಿಗೆ ಹೊತ್ತುಗೊತ್ತಿನ ಕಟ್ಟು ಇರಬಾರದು ಅಂತ ಬರೆಯಿತು.

ನಿಮಗೆ ಇನ್ನೂ ಹತ್ತಿರದ್ದು ಆಮೇಲಿನದು. ರಾಬರ್ಟ್‌ಸನ್ ಮತ್ತು ಅವರ ಹೆಂಡತಿ ಜಾಯ್ಸ್ 1960ರ ದಶಕದಲ್ಲಿ 17 ತಿಂಗಳ ಒಬ್ಬ ಹುಡುಗನನ್ನು ನೋಡಿದರು. ಅಮ್ಮ ಎರಡನೇ ಹೆರಿಗೆಗೆ ಹೋಗಿದ್ದಳು. ಇವನು ಮಕ್ಕಳ ವಸತಿ ಕೇಂದ್ರದಲ್ಲಿ ಒಂಬತ್ತು ದಿನ. ನಿಮ್ಮ ಮಗುವಿನಷ್ಟೇ ದಿನ ನೋಡಿ. ನೋಡಿಕೊಳ್ಳುವವರು ಒಳ್ಳೆಯವರೇ, ಆದರೆ ಪಾಳಿ ಬದಲಾಗುತ್ತಿತ್ತು. ಒಬ್ಬೊಬ್ಬರ ಹತ್ತಿರವೂ ಹೋಗಿ ಅಂಟಿಕೊಳ್ಳಲು ನೋಡಿ, ಆಗದೆ, ಕೊನೆಗೆ ಒಂದು ದೊಡ್ಡ ಕರಡಿ ಬೊಂಬೆಯನ್ನು ತಬ್ಬಿಕೊಂಡು ಬಿದ್ದಿರುತ್ತಿದ್ದ. ಅಮ್ಮ ಕರೆದುಕೊಂಡು ಹೋಗಲು ಬಂದಾಗ ಅವಳ ಕೈಯಿಂದ ಕೊಸರಿಕೊಂಡ.

ಅದೇ ಗಂಡ ಹೆಂಡತಿ ಬೇರೆ ನಾಲ್ಕು ಮಕ್ಕಳನ್ನು ಒಬ್ಬೊಬ್ಬರಾಗಿ ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು. ಹತ್ತು ದಿನ ಇದ್ದವರಿದ್ದರು, 27 ದಿನ ಇದ್ದವರೂ ಇದ್ದರು. ನೋಡಿಕೊಳ್ಳುವವಳು ಒಬ್ಬಳೇ. ಮನೆಯಲ್ಲಿ ಏನು ತಿಂತಿತ್ತು, ಹೇಗೆ ಮಲಗುತ್ತಿತ್ತು ಅಂತ ಮೊದಲೇ ಕೇಳಿಕೊಂಡಿದ್ದರು. ಅಮ್ಮನ ಫೋಟೋ ತೋರಿಸಿ ಅಮ್ಮನ ಮಾತು ಆಡುತ್ತಿದ್ದರು. ಆ ಮಕ್ಕಳಿಗೂ ಬೇಸರ ಆಯ್ತು, ಸಿಟ್ಟು ಬಂತು, ಆದರೆ ಆ ಹುಡುಗನ ಹಾಗೆ ಒಡೆದುಹೋಗಲಿಲ್ಲ.

ಅದಕ್ಕೇ ಹೇಳೋದು, ನಾಳೆಯೇ ತಾಯಿಯನ್ನು ಕರೆಸಿ. ಬಂದವಳನ್ನು ಕುರ್ಚಿ ಮೇಲೆ ನೆಂಟರ ಹಾಗೆ ಕೂರಿಸಬೇಡಿ. ಸ್ನಾನದ ನೀರು ಕಾಯಿಸಿ ಕೊಡಿ, ಅವಳೇ ಮಾಡಿಸಲಿ. ಅವಳೇ ಉಣ್ಣಿಸಲಿ. ನೀವು ಪಕ್ಕದಲ್ಲಿ ಸೋಪು ಹಿಡಿದು ನಿಂತಿರಿ ಸಾಕು. ಹೊರಡುವಾಗ ಕದ್ದು ಕಳಿಸಬೇಡಿ, ಕೈಮುಗಿದು ಹೇಳ್ತೀನಿ. ಮೂರನೇ ದಿನದ ಅಳು ಅವಳು ಬಂದದ್ದಕ್ಕಲ್ಲ, ಮಾಯ ಆದದ್ದಕ್ಕೆ. ಗೇಟಿಗೆ ಕರೆದುಕೊಂಡು ಹೋಗಿ, "ಅವ್ವ ಅಪ್ಪನ ಹತ್ತಿರ ಹೋಗ್ತಾಳೆ, ನಾಳೆ ಊಟ ಆದ ಮೇಲೆ ಬರ್ತಾಳೆ" ಅಂತ ಹೇಳಿ, ಟಾಟಾ ಮಾಡಿಸಿ. ಅಳುತ್ತೆ. ಅಳಲಿ, ಎತ್ತಿಕೊಂಡಿರಿ. ಅವಳು ಉಟ್ಟ ಒಂದು ಹಳೇ ಸೀರೆ ಇಸಿದುಕೊಳ್ಳಿ. ಒಗೆಯಬೇಡಿ, ಹಾಗೇ ಹಾಸಿಗೆಗೆ ಹಾಕಿ.

ತಾಯಿಗೂ ಮೊದಲೇ ಹೇಳಿಡಿ. ಮಗು ಹೊಡೆಯಬಹುದು, ಮುಖ ತಿರುಗಿಸಬಹುದು, ಮನೆಗೆ ಹೋದ ಮೇಲೆ ಹಾಸಿಗೆ ಒದ್ದೆ ಮಾಡಬಹುದು, ಶೌಚಕ್ಕೆ ಹೋಗಲೂ ಬಿಡದೆ ಸೆರಗು ಹಿಡಿಯಬಹುದು. ಮರೆತ ಮಗು ಹಾಗೆ ಮಾಡಲ್ಲ. ಬಿಟ್ಟು ಹೋದಳು ಅಂತ ಸಿಟ್ಟಿರುವ ಮಗು ಮಾಡುತ್ತೆ.

ಸುರಪುರದವ, ಈಗ ಮಾರತ್ತಹಳ್ಳಿ:

ಅಕ್ಕಾರ, ಒಂದು ಮಾತು. ಮಗು ನಿಮ್ಮನ್ನ ಅಮ್ಮ ಅಂತು ಅಂದ್ರಿ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ತಾಯಿಗೆ ಅವ್ವ. ಆ ಕೂಸಿಗೆ "ಅಮ್ಮ" ಅನ್ನೋದು ನಿಮ್ಮ ಹೆಸರು, ಅಷ್ಟೇ. "ಅವ್ವ" ಅನ್ನೋದನ್ನ ಅದು ಯಾರಿಗೂ ಕೊಟ್ಟಿಲ್ಲ. ಆ ತಾಯಿಗೆ ಇದನ್ನ ಹೇಳ್ರಿ, ಆಕಿಗೆ ಸಮಾಧಾನ ಆಗ್ತದ.

ಜವಳದ ಚಿಂತಿಗೂ ದಾರಿ ಅದ. ನಮ್ಮ ಅಣ್ಣನ ಮಗನಿಗೆ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕುವಾಗ ಡಾಕ್ಟರು ಜವಳಕ್ಕಿಂತ ಮುಂಚೆ ತಲೆ ಬೋಳಿಸಿದ್ರು. ನಮ್ಮ ಅಜ್ಜಿ ತಪ್ಪು ಕಾಣಿಕೆ ಕಟ್ಟಿಟ್ಟಳು. ಕೂದಲು ಬಂದ ಮೇಲೆ ದೇವರಿಗೆ ಹೋಗಿ ಕಾಣಿಕೆ ಹಾಕಿ ಜವಳ ತೆಗೆಸಿದ್ರು. ಆದರ ಅದನ್ನ ನೀವು ಹೇಳಬ್ಯಾಡ್ರಿ. ನೀವು ತಪ್ಪಾಯ್ತು ಅನ್ರಿ, ಮುಂದಿಂದು ಆಕಿ ಹೇಳಲಿ. ಮತ್ತ, ರೊಟ್ಟಿ ಗಟ್ಟಿ ಆಗಿದ್ರ ಹಾಲಿನಾಗ ಮುರಿದು ನೆನೆಸಿ ಕೊಡ್ರಿ. ನಿಮ್ಮ ಅನ್ನ ಸಾರು ಅದಕ್ಕ ಸೇರಂಗಿಲ್ಲ, ಅದಕ್ಕೇ ಅರ್ಧ ಬಿಡ್ತದ.

ಎರಡು ಜಡೆ:

ನಾನು ಆ ಕಡೆಯಿಂದ ಹೇಳ್ತೀನಿ, ಮಗುವನ್ನು ಬಿಟ್ಟು ಹೋದವಳ ಕಡೆಯಿಂದ.

ಎರಡನೇ ಹೆರಿಗೆ ಆದ ಮೇಲೆ ನನ್ನ ಮನಸ್ಸು ಕೆಟ್ಟಿತು. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮತ್ತು ಹಸುಗೂಸನ್ನು ಒಟ್ಟಿಗೆ ಸೇರಿಸಿಕೊಳ್ಳುವ ವಿಭಾಗ ಇದೆ. ಸಣ್ಣದು ನನ್ನ ಜೊತೆಗೇ ಇತ್ತು. ದೊಡ್ಡವಳಿಗೆ ನಾಲ್ಕು ವರ್ಷ, ಅವಳನ್ನು ಇಟ್ಟುಕೊಳ್ಳುವವರು ಯಾರೂ ಇರಲಿಲ್ಲ. ಒಂದು ಕೇಂದ್ರದಲ್ಲಿ 12 ದಿನ ಇದ್ದಳು.

ಅಲ್ಲಿ ಒಬ್ಬರು ಫೋನಿನಲ್ಲಿ "ನಿಮ್ಮ ಮಗಳು ಒಂದು ದಿನಾನೂ ಅಳಲಿಲ್ಲ, ನಮ್ಮ ಹತ್ರ ಆರಾಮಾಗಿದ್ದಾಳೆ" ಅಂದರು. ಒಳ್ಳೇ ಮನಸ್ಸಿಂದಲೇ ಹೇಳಿದ್ದು. ನನಗೆ ಕೇಳಿಸಿದ್ದು, ನೀನು ಇಲ್ಲದಿದ್ದರೂ ನಡೆಯುತ್ತೆ ಅಂತ. ಆಗ ನಾನಿದ್ದ ಸ್ಥಿತಿಯಲ್ಲಿ ಅದು ಕೇಳಬಾರದ ಮಾತು.

ಇನ್ನೊಬ್ಬ ಆಯಾ ಇದ್ದರು. ಮನೆಯವರ ಜೊತೆ ನೋಡಲು ಹೋದಾಗ ಬಾಚಣಿಗೆ ತಂದು ನನ್ನ ಕೈಗೆ ಕೊಟ್ಟರು. "ನಾನು ಎರಡು ಜಡೆ ಹಾಕಿದರೆ ಒಂದು ಬಿಚ್ಚಿಕೊಂಡು ಬರ್ತಾಳೆ. ನೀವು ಹೇಗೆ ಹಾಕ್ತಿದ್ರಿ ತೋರಿಸಿ" ಅಂದರು. ಮಾತ್ರೆಗೆ ನನ್ನ ಕೈ ನಡುಗುತ್ತಿತ್ತು. ಬೈತಲೆ ಸೊಟ್ಟ ಬಂತು. ಅವರು ಅದನ್ನು ಸರಿಮಾಡಲಿಲ್ಲ. ಮಗಳು ಸಂಜೆವರೆಗೂ ಬಿಚ್ಚಲಿಲ್ಲ ಅಂತ ಆಮೇಲೆ ಫೋನ್ ಮಾಡಿ ಹೇಳಿದರು. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಫೀಲ್ಡ್‌ನಲ್ಲಿದ್ದವಳು:

ಮಕ್ಕಳ ರಕ್ಷಣಾ ಕೆಲಸದಲ್ಲಿ ಎಂಟು ವರ್ಷ ಇದ್ದೆ. ಸಮಿತಿಯ ಆದೇಶದ ಕಾಪಿ ತೆಗೆದು ಓದಿ. ತಾಯಿ ನೋಡಬಾರದು ಅಂತ ಅದರಲ್ಲಿ ಬರೆದಿದೆಯಾ? ಇರಲ್ಲ. ಹೊಡೆತ ಬಡಿತದ ಕೇಸ್ ಆದರೆ ಬೇರೆ, ಅಲ್ಲಿ ಯಾರು ಯಾವಾಗ ನೋಡಬೇಕು ಅಂತ ಎಚ್ಚರ ಬೇಕೇ ಬೇಕು. ಇಲ್ಲಿ ತಾಯಿ ಮಾಡಿದ ತಪ್ಪು ಏನು? ಗಂಡ ಸಾರ್ವೆಯಿಂದ ಬಿದ್ದದ್ದಾ? 2015ರ ಬಾಲನ್ಯಾಯ ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ಇದೆ, ಮಗುವಿನ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಯಲ್ಲಿ ಇಡೋದು ಕೊನೆಯ ದಾರಿ ಅಂತ. ನಿಮ್ಮ ಮೇಡಂಗೆ ನನ್ನ ಹೆಸರು ಬೇಡ, ಸೆಕ್ಷನ್ ತೋರಿಸಿ.

ಇನ್ನೊಂದು. ಮೂಳೆ ಕೂಡುವವರೆಗೆ ಅಪ್ಪನಿಗೆ ಕೆಲಸ ಇಲ್ಲ, ತಾಯಿ ಒಬ್ಬಳ ಕೂಲಿ. ಇದೇ ಮಗು ತಿರುಗಿ ನಿಮ್ಮ ಗೇಟಿಗೆ ಬರೋದು ಹೀಗೆಯೇ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಇದೆ, ಮಗುವಿಗೆ ತಿಂಗಳಿಗೆ 4,000 ರೂಪಾಯಿ. ನಗರದಲ್ಲಿ ಮನೆಯ ವಾರ್ಷಿಕ ಆದಾಯ 96,000 ಮೀರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ. ಅಪ್ಪನಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯಾ ಕೇಳಿ. ಇದ್ದರೆ ಅಪಘಾತ ಪರಿಹಾರಕ್ಕೆ ಹಾಕಬಹುದು. ಅರ್ಜಿ ತುಂಬಲು ಅರ್ಧ ದಿನ ಅವರ ಜೊತೆ ಕೂತರೆ ಅದೂ ಮಗುವಿನ ಕೆಲಸವೇ.

ಹಗಲುಪಾಳಿ ಅಕ್ಕ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮಗು ಮೊನ್ನೆ ಮನೆಗೆ ಹೋಯಿತು.

ಮೇಡಂಗೆ ಸೆಕ್ಷನ್ ತೋರಿಸುವ ಧೈರ್ಯ ಬರಲಿಲ್ಲ. ಸಿಸ್ಟರ್ ಬರೆದದ್ದನ್ನು ಓದಿ ಹೇಳಿದೆ. ಆ ಕರಡಿ ಬೊಂಬೆಯ ಹುಡುಗನ ಕಥೆ ಕೇಳಿ ಸುಮ್ಮನಾದರು. "ಸರಿ, ಕರೆಸು. ಅತ್ತರೆ ನೀನೇ ನೋಡ್ಕೋಬೇಕು" ಅಂದರು.

ಹತ್ತನೇ ದಿನ ಬಂದಳು. ಮೊದಲು ಕೂದಲಿಗೆ ತಪ್ಪಾಯ್ತು ಅಂದೆ, ಕೈ ಹಿಡಿದುಕೊಂಡು. ಏನೂ ಮಾತಾಡಲಿಲ್ಲ. ಅಮ್ಮ, ಅವ್ವ ವಿಷಯ ಹೇಳಿದೆ. ಅದಕ್ಕೂ ಮಾತಿಲ್ಲ, ಆದರೆ ನನ್ನನ್ನು ಒಂದು ಸಲ ಸರಿಯಾಗಿ ನೋಡಿದಳು. ಬಚ್ಚಲಲ್ಲಿ ಬಿಸಿನೀರು ಇಟ್ಟುಕೊಟ್ಟೆ. ಮಗು ಅವಳ ಹತ್ತಿರ ಹೋಗಲು ಒಪ್ಪಲಿಲ್ಲ. ನಾನು ಬಟ್ಟೆ ಬಿಚ್ಚಿ ಅವಳ ಮುಂದೆ ನಿಲ್ಲಿಸಿದೆ. ಮೊದಲ ಚೊಂಬು ನೀರು ಬೀಳುತ್ತಿದ್ದ ಹಾಗೆ ಕೈ ಎತ್ತಿ ಅವಳ ಕೆನ್ನೆಗೆ ಹೊಡೆಯಿತು. ಮತ್ತೊಂದು. ಮತ್ತೊಂದು. ಅವಳು ತಪ್ಪಿಸಿಕೊಳ್ಳಲಿಲ್ಲ. ಐದೋ ಆರೋ ಏಟಾದ ಮೇಲೆ "ಅವ್ವಾ" ಅಂತ ಕಿರುಚಿ ಅವಳ ಕುತ್ತಿಗೆಗೆ ಜೋತುಬಿತ್ತು. ಸೀರೆಯೆಲ್ಲ ಒದ್ದೆ. ನಾನು ಸೋಪು ಹಿಡಿದು ಹೊರಗೆ ಬಂದೆ. ನನಗೂ ಸ್ವಲ್ಪ ಹೊಟ್ಟೆಗೆ ಹೇಗೋ ಆಯ್ತು, ಸತ್ಯ ಹೇಳಬೇಕು ಅಂದರೆ. ಐದು ದಿನ ನನ್ನದೇ ಮಗು ಅನ್ನೋ ಹಾಗೆ ಇತ್ತಲ್ಲ.

ಹೊರಡುವಾಗ ಗೇಟಿನಲ್ಲಿ ಟಾಟಾ. ಅವಳ ಬಸ್ಸು ಹೋಗೋವರೆಗೂ ಎತ್ತಿಕೊಂಡು ನಿಂತೆ. ಅತ್ತಿತು. ಗಡಿಯಾರ ನೋಡಿದ್ದೇನೆ, 25 ನಿಮಿಷ. ಮರುದಿನ 15. ಅದರ ಮರುದಿನ ಅತ್ತು ಮುಗಿಸಿ ಹಾಲು ರೊಟ್ಟಿ ತಿಂದಿತು. ಲೆಕ್ಕ ಹಾಕಿ ಮಾತಾಡಿ ಅನ್ನೋ ಅಣ್ಣನವರೇ, ಲೆಕ್ಕ ಇಲ್ಲಿದೆ ನೋಡಿ.

ಕೊನೇ ದಿನ ಅವಳು ಹಳದಿ ಬಟ್ಟೆಯ ಸಣ್ಣ ಗಂಟು ತೋರಿಸಿದಳು. ಸುರಪುರದ ಅಣ್ಣ ಹೇಳಿದ್ದೇ, ತಪ್ಪು ಕಾಣಿಕೆ. "ನಂದೂ ಸೇರಿಸ್ತೀಯಾ ತಾಯಿ" ಅಂತ 11 ರೂಪಾಯಿ ಕೊಟ್ಟೆ. ಗಂಟು ಬಿಚ್ಚಿ, ಹಾಕಿ, ಮತ್ತೆ ಕಟ್ಟಿದಳು.

ಪ್ರಾಯೋಜಕತ್ವದ ಅರ್ಜಿ ಕೊಟ್ಟಿದ್ದೇವೆ. ಅಪ್ಪನ ಹತ್ತಿರ ಕಾರ್ಮಿಕ ಕಾರ್ಡ್ ಇದೆ, ರಿನ್ಯೂವಲ್ ಆಗಿಲ್ಲ. ಅದರ ಹಿಂದೆ ಬಿದ್ದಿದ್ದೇನೆ. ನಮ್ಮ ದಾಖಲಾತಿ ಪುಸ್ತಕದಲ್ಲಿ ಈಗ ಹೊಸದಾಗಿ ಒಂದು ಪುಟ ಇದೆ. ಮಗು ತಾಯಿಯನ್ನು ಏನಂತ ಕರೆಯುತ್ತೆ, ಏನು ತಿನ್ನುತ್ತೆ, ಹೇಗೆ ಮಲಗುತ್ತೆ, ಕೂದಲು ತೆಗೆಯಬಹುದಾ. ನಮ್ಮನ್ನು ಅಮ್ಮ ಅಂತ ಕರೆಸೋದು ಮಾತ್ರ ಇನ್ನೂ ನಿಂತಿಲ್ಲ, ಮೇಡಂ ಒಪ್ಪಿಲ್ಲ. ನಾನು ಮಕ್ಕಳಿಗೆ ಅಕ್ಕ ಅಂತ ಹೇಳಿಕೊಡ್ತಿದ್ದೇನೆ.

ಸಿಸ್ಟರ್, ಇನ್ನೊಂದು ಕೇಳಬೇಕಿತ್ತು. ನಾಳೆ ಎಂಟು ತಿಂಗಳ ಹೆಣ್ಣು ಮಗು ಬರುತ್ತಿದೆ. ತಾಯಿ ಎದೆಹಾಲು ಕೊಡುತ್ತಿದ್ದಾಳೆ, ಅವಳಿಗೆ ಆಪರೇಷನ್, ನಾಲ್ಕು ದಿನ. ಅಷ್ಟು ಸಣ್ಣದಕ್ಕೆ ಹಳೇ ಸೀರೆ ಕೆಲಸ ಮಾಡುತ್ತಾ? ಹಾಸಿಗೆಗೆ ಹಾಕಲು ಭಯ ಆಗುತ್ತೆ, ಮುಖದ ಮೇಲೆ ಬಂದರೆ ಅಂತ.

ನಿವೃತ್ತ ಸಿಸ್ಟರ್, ಬಸವನಗುಡಿ:

ಭಯ ಸರಿಯಾಗಿಯೇ ಇದೆ. ಒಂದು ವರ್ಷದ ಒಳಗಿನ ಮಗು ಮಲಗುವ ಕಡೆ ಸಡಿಲ ಬಟ್ಟೆ ಬೇಡವೇ ಬೇಡ. ಸೀರೆ ನೀವು ಹೊದ್ದುಕೊಳ್ಳಿ, ಎತ್ತಿಕೊಂಡು ಹಾಲು ಕುಡಿಸುವಾಗ. ನಾಲ್ಕೂ ದಿನ ಹಗಲು ನೀವೊಬ್ಬರೇ, ರಾತ್ರಿ ಯಾರಾದರೂ ಒಬ್ಬರೇ ನೋಡಿಕೊಳ್ಳಿ, ಕೈ ಬದಲಾಯಿಸಬೇಡಿ. ತಾಯಿಗೆ ಹಾಲು ಹಿಂಡಿ ತೆಗೆಯಲು ವಾರ್ಡಿನ ಸಿಸ್ಟರ್ ಹತ್ತಿರ ಹೇಳಿಸಿ, ಇಲ್ಲದಿದ್ದರೆ ಎದೆ ಕಟ್ಟಿಕೊಂಡು ನೋಯುತ್ತೆ, ಹಾಲೂ ಕಡಿಮೆ ಆಗುತ್ತೆ. ಎಷ್ಟು ಹೊತ್ತಿಗೆ ಬರುತ್ತೆ ಮಗು? ನಾಳೆ ನಾನು ಮನೆಯಲ್ಲೇ ಇರ್ತೀನಿ, ಇಲ್ಲೇ ಬರೀರಿ.